ನಡುಕದಿಂದ ನೆಲದಾಳಕ್ಕೆ: ಗೌರಿಬಿದನೂರಿನ ಉಪಕರಣಗಳು, ಕಲಿಯುವ ಯಂತ್ರಗಳು

2021ರ ಡಿಸೆಂಬರ್ 22ರ ಬೆಳಿಗ್ಗೆ ಏಳು ಗಂಟೆ ದಾಟಿದ ಸ್ವಲ್ಪ ಹೊತ್ತಿನಲ್ಲೇ ಚಿಕ್ಕಬಳ್ಳಾಪುರದ ಆಸುಪಾಸಿನ ಹಳ್ಳಿಗಳಲ್ಲಿ ಕೆಲವು ನಿಮಿಷಗಳ ಅಂತರದಲ್ಲಿ ಎರಡು ಸಲ ನೆಲ ನಡುಗಿತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅವುಗಳ ತೀವ್ರತೆ 2.9 ಮತ್ತು 3.0 ಎಂದು ಪ್ರಕಟಿಸಿತು. ದೆಹಲಿಯ ರಾಷ್ಟ್ರೀಯ ಭೂಕಂಪನ ಕೇಂದ್ರ 3.1 ಮತ್ತು 3.3 ಎಂದಿತು. ಇದನ್ನು ಓದಿದವರಿಗೆ ಯಾರೋ ಒಬ್ಬರು ತಪ್ಪಿರಬೇಕು ಅನ್ನಿಸುವುದು ಸಹಜ. ಹಾಗೇನೂ ಇಲ್ಲ. ಎರಡೂ ಕೇಂದ್ರಗಳು ಲೆಕ್ಕ ಹಾಕಿದವೇ ಹೊರತು ಅಳೆಯಲಿಲ್ಲ. ಭೂಕಂಪದ ತೀವ್ರತೆಯನ್ನಾಗಲಿ, ಅದು ಹುಟ್ಟಿದ ಆಳವನ್ನಾಗಲಿ ನೇರವಾಗಿ ಅಳೆಯುವ ಉಪಕರಣ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಉಪಕರಣಕ್ಕೆ ಸಿಗುವುದು ಇಷ್ಟೇ: ತಾನು ಕೂತಿರುವ ಜಾಗದ ನೆಲ ಯಾವ ಕ್ಷಣದಲ್ಲಿ ಎಷ್ಟು ಅಲುಗಿತು ಎಂಬ ಒಂದು ಗೆರೆ. ಉಳಿದದ್ದೆಲ್ಲ ಆ ಗೆರೆಯಿಂದ ಹಿಂದಕ್ಕೆ ನಡೆದು ಕಂಡುಕೊಂಡದ್ದು.

ಹೀಗೆ ಪರಿಣಾಮದಿಂದ ಕಾರಣಕ್ಕೆ ಹಿಂದಿರುಗುವ ಲೆಕ್ಕವನ್ನು ವಿಲೋಮ ಸಮಸ್ಯೆ ಎನ್ನುತ್ತಾರೆ. ಕಾರಣ ಗೊತ್ತಿದ್ದು ಪರಿಣಾಮ ಕಂಡುಹಿಡಿಯುವುದು ಸುಲಭ. ಇಂಥ ಆಳದಲ್ಲಿ ಬಂಡೆ ಜಾರಿದರೆ ಚಿಂತಾಮಣಿಯಲ್ಲಿ ನೆಲ ಯಾವಾಗ ಅಲುಗುತ್ತದೆ ಎಂದು ಸಮೀಕರಣ ಹೇಳುತ್ತದೆ, ಒಂದೇ ಉತ್ತರ ಹೇಳುತ್ತದೆ. ತಿರುಗಿ ಹೊರಟರೆ ಹಾಗಲ್ಲ. ಫ್ರಾನ್ಸಿನ ಗಣಿತಜ್ಞ ಜಾಕ್ ಹಾಡಮಾರ್ ಬಹಳ ಹಿಂದೆಯೇ ಒಳ್ಳೆಯ ಲೆಕ್ಕಕ್ಕೆ ಮೂರು ಗುಣ ಬೇಕೆಂದಿದ್ದ: ಉತ್ತರ ಇರಬೇಕು, ಒಂದೇ ಇರಬೇಕು, ಕೊಟ್ಟ ಅಂಕಿ ಚೂರು ಬದಲಾದರೆ ಉತ್ತರವೂ ಚೂರೇ ಬದಲಾಗಬೇಕು. ವಿಲೋಮ ಸಮಸ್ಯೆಗಳು ಸಾಮಾನ್ಯವಾಗಿ ಎರಡನೆಯದರಲ್ಲೂ ಮೂರನೆಯದರಲ್ಲೂ ಸೋಲುತ್ತವೆ. ಈಗ ಎಲ್ಲೆಡೆ ಕೇಳಿಬರುವ ಯಂತ್ರಕಲಿಕೆ, ಅಂದರೆ ಮಷೀನ್ ಲರ್ನಿಂಗ್, ಇಲ್ಲಿ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ನೋಡಲು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಆಳ ಯಾಕೆ ಕೈಗೆ ಸಿಗುವುದಿಲ್ಲ

ಭೂಕಂಪದಿಂದ ಹೊರಟು ಮೊದಲು ಬಂದು ಮುಟ್ಟುವುದು ಪಿ ಅಲೆ. ಹಿಂದೆಯೇ ನಿಧಾನವಾಗಿ ಎಸ್ ಅಲೆ. ಇವೆರಡನ್ನೂ ದಾಖಲೆಯಲ್ಲಿ ಬೇರೆಬೇರೆಯಾಗಿ ಗುರುತಿಸಿದವನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯಲ್ಲಿದ್ದ ರಿಚರ್ಡ್ ಓಲ್ಡ್‌ಹ್ಯಾಮ್. ಅದಕ್ಕೆ ಆಧಾರವಾದದ್ದು 1897ರ ಅಸ್ಸಾಂ ಭೂಕಂಪ. ನಮ್ಮ ಗ್ರಾನೈಟ್ ಸೀಮೆಯಲ್ಲಿ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಎಸ್ ಅಲೆ ಸುಮಾರು 3.5 ಕಿಲೋಮೀಟರ್ ಸಾಗುತ್ತವೆ ಎಂದಿಟ್ಟುಕೊಂಡರೆ, ಇವೆರಡರ ನಡುವಿನ ಅಂತರದ ಪ್ರತಿ ಸೆಕೆಂಡಿಗೆ 8.4 ಕಿಲೋಮೀಟರ್ ದೂರ. ಎರಡು ಅಲೆಗಳ ನಡುವೆ 5 ಸೆಕೆಂಡ್ ಇದ್ದರೆ ಮೂಲ 42 ಕಿಲೋಮೀಟರ್ ದೂರದಲ್ಲಿದೆ. ಮೂರ್ನಾಲ್ಕು ಕೇಂದ್ರಗಳ ದೂರ ಸಿಕ್ಕರೆ ನಕ್ಷೆಯಲ್ಲಿ ಜಾಗ ಗುರುತಿಸಬಹುದು. ಶಾಲೆಯ ಕೈವಾರದಲ್ಲೂ ಮಾಡಬಹುದಾದ ಕೆಲಸ ಇದು.

ಆಳದ ವಿಷಯ ಹಾಗಲ್ಲ. ಹತ್ತಿರದ ಕೇಂದ್ರವೇ 50 ಕಿಲೋಮೀಟರ್ ದೂರ ಇದೆ ಅನ್ನಿ. ಮೂಲ 5 ಕಿಲೋಮೀಟರ್ ಆಳದಲ್ಲಿದ್ದರೆ ಅಲೆ ನಡೆಯುವ ಓರೆದಾರಿ 50.2 ಕಿಲೋಮೀಟರ್, 12 ಕಿಲೋಮೀಟರ್ ಆಳದಲ್ಲಿದ್ದರೆ 51.4. ಆಳ ಎರಡು ಪಟ್ಟಿಗಿಂತ ಹೆಚ್ಚಾದರೂ ದಾರಿಯ ವ್ಯತ್ಯಾಸ ಒಂದು ಕಿಲೋಮೀಟರಿನ ಆಸುಪಾಸು. ಪಿ ಮತ್ತು ಎಸ್ ನಡುವಿನ ಅಂತರದಲ್ಲಿ ಅದು ಬರೀ 0.14 ಸೆಕೆಂಡ್. ಪಿ ಅಲೆಯ ಬಾಲ ಇನ್ನೂ ಅಲುಗುತ್ತಿರುವಾಗಲೇ ಎಸ್ ಅಲೆ ಬಂದು ಸೇರುವುದರಿಂದ ಅದು ಶುರುವಾದ ಕ್ಷಣವನ್ನು ಗುರುತಿಸುವಲ್ಲಿ ಅಷ್ಟು ಹೆಚ್ಚುಕಡಿಮೆ ಎಂಥ ನುರಿತವರಿಂದಲೂ ಆಗುತ್ತದೆ. ಅಂದಮೇಲೆ ಐದೋ ಹನ್ನೆರಡೋ ಎಂದು ಆ ಕೇಂದ್ರ ಹೇಳಲಾರದು. ಅದೇ ಕೇಂದ್ರ 5 ಕಿಲೋಮೀಟರ್ ದೂರದಲ್ಲಿದ್ದಿದ್ದರೆ ದಾರಿ 7 ಕಿಲೋಮೀಟರೋ 13 ಕಿಲೋಮೀಟರೋ ಆಗುತ್ತಿತ್ತು. ಪಿ ಅಲೆಯೊಂದೇ ಒಂದು ಸೆಕೆಂಡಿನಷ್ಟು ತಡವಾಗಿ ಬರುತ್ತಿತ್ತು. ಆಗ ಆಳ ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ. ಎಷ್ಟೇ ಚುರುಕಾದ ಲೆಕ್ಕದ ವಿಧಾನ ಬಂದರೂ ಹತ್ತಿರದಲ್ಲಿ ಇಟ್ಟ ಒಂದು ಉಪಕರಣದ ಬೆಲೆ ಬೇರೆಯೇ.

ಗೌರಿಬಿದನೂರಿನ 20 ಕಿವಿಗಳು

1965ರಲ್ಲಿ, ಅಣುಪರೀಕ್ಷೆಗಳ ಮೇಲೆ ಕಣ್ಣಿಡುವ ಕಾಲದಲ್ಲಿ, ಮುಂದೆ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಎನಿಸಿದ ಸಂಸ್ಥೆಯವರು ಬ್ರಿಟನ್ನಿನ ಸಹಕಾರದಿಂದ ನಮ್ಮ ಜಿಲ್ಲೆಯ ಗೌರಿಬಿದನೂರಿನಲ್ಲಿ ಭೂಕಂಪಮಾಪಕಗಳ ವ್ಯೂಹವೊಂದನ್ನು ಹೂಡಿದರು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾ ಇದರ ಒಡಹುಟ್ಟಿದವು. ಇಂಗ್ಲಿಷಿನ ಎಲ್ ಅಕ್ಷರದ ಆಕಾರ, ಎರಡು ತೋಳು, ಒಂದೊಂದು ತೋಳಿನಲ್ಲಿ ಹತ್ತು ಹತ್ತು ಮಾಪಕ. ಕೆಳಗೆ ಹಳೆಯ ಗಟ್ಟಿಬಂಡೆ. ಸಮುದ್ರದ ಅಲೆಯ ಬಡಿತ ದೂರ. ಇಷ್ಟು ನಿಶ್ಶಬ್ದವಾದ ನೆಲ ಸಿಗುವುದು ಅಪರೂಪ.

ಇಪ್ಪತ್ತು ಮಾಪಕ ಯಾಕೆ? ದೂರದಿಂದ ಬಂದ ಅಲೆ ಎಲ್ಲ ಮಾಪಕಗಳನ್ನೂ ಒಂದೇ ಕ್ಷಣಕ್ಕೆ ಮುಟ್ಟುವುದಿಲ್ಲ. ಯಾವುದು ಮೊದಲು, ಯಾವುದು ಎಷ್ಟು ತಡ ಎಂಬ ಲೆಕ್ಕದಿಂದ ಅಲೆ ಬಂದ ದಿಕ್ಕು ತಿಳಿಯುತ್ತದೆ. ವ್ಯೂಹವನ್ನು ದಾಟಲು ತೆಗೆದುಕೊಂಡ ಹೊತ್ತಿನಿಂದ ಅದು ಎಷ್ಟು ಕಡಿದಾಗಿ ಕೆಳಗಿನಿಂದ ಮೇಲೆ ಬಂತು ಎಂಬುದೂ, ಅದರಿಂದ ಮೂಲದ ದೂರವೂ ಗೊತ್ತಾಗುತ್ತದೆ. ಆ ತಡವನ್ನು ಸರಿದೂಗಿಸಿ ಇಪ್ಪತ್ತು ಗೆರೆಗಳನ್ನು ಕೂಡಿಸಿದರೆ ನಿಜವಾದ ಅಲೆ ಒಂದರ ಮೇಲೊಂದು ಕೂತು ಎದ್ದು ಕಾಣುತ್ತದೆ, ಲಾರಿ ಮತ್ತು ಪಂಪ್‌ಸೆಟ್ಟುಗಳ ಗದ್ದಲ ಒಂದಕ್ಕೊಂದು ಹೊಡೆದುಕೊಂಡು ಕುಗ್ಗುತ್ತದೆ. ಹೀಗೆ ಗದ್ದಲದೆದುರು ಸುದ್ದಿ ಸುಮಾರು ನಾಲ್ಕೂವರೆ ಪಟ್ಟು ಸ್ಪಷ್ಟವಾಗುತ್ತದೆ. ಇಪ್ಪತ್ತರ ವರ್ಗಮೂಲ ಅಷ್ಟೇ.

ಸ್ಫೋಟದ ಶಕ್ತಿಯನ್ನು ಅಂದಾಜು ಮಾಡುವುದು ಇನ್ನೊಂದು ವಿಲೋಮ ಸಮಸ್ಯೆ. 1998ರ ಮೇ 11ರ ಪೋಖ್ರಾಣ್ ಪರೀಕ್ಷೆಯ ನಂತರ ಭಾಭಾ ಕೇಂದ್ರದ ವಿಜ್ಞಾನಿಗಳು ಹೇಳಿದ ಸ್ಫೋಟಶಕ್ತಿಗೂ ಹಲವು ವಿದೇಶಿ ತಜ್ಞರು ಹೇಳಿದ್ದಕ್ಕೂ ತಾಳೆಯಾಗಲಿಲ್ಲ. ಭೂಕಂಪನದ ಗೆರೆಯಿಂದ ಸ್ಫೋಟಶಕ್ತಿಗೆ ಹೋಗುವ ಸೂತ್ರದಲ್ಲಿ ಆ ಜಾಗದ ಬಂಡೆಯ ಗುಣವನ್ನು ಹೇಳುವ ಸಂಖ್ಯೆಯೊಂದಿದೆ. ಆ ಸಂಖ್ಯೆಯನ್ನು ಎಲ್ಲಿಂದ ತರಬೇಕು ಎಂಬಲ್ಲಿ ವಾದ ಬೆಳೆಯಿತು. ದಾಖಲೆ ಏನನ್ನು ಹೇಳುವುದಿಲ್ಲವೋ ಅದನ್ನು ಲೆಕ್ಕ ಮಾಡುವವರು ತಮ್ಮ ಪೂರ್ವಜ್ಞಾನದಿಂದ ತುಂಬುತ್ತಾರೆ. ಮುಂದಿನ ಮಾತುಗಳಿಗೆಲ್ಲ ಇದೇ ಬುನಾದಿ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ

ಯಂತ್ರ ಕಲಿಯುವುದು ಹೇಗೆ ಎಂಬುದನ್ನು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೋಡಬಹುದು. ಹರಾಜಿಗೆ ಮುಂಚೆ ರೀಲರ್ ಗೂಡನ್ನು ಬೆರಳಲ್ಲಿ ಒತ್ತುತ್ತಾನೆ, ಕಿವಿಯ ಹತ್ತಿರ ಅಲುಗಿಸುತ್ತಾನೆ, ಈ ಲಾಟಿನಿಂದ ಎಷ್ಟು ನೂಲು ಬಿಚ್ಚಬಹುದು ಎಂದು ಅಂದಾಜು ಕಟ್ಟಿ ಬೆಲೆ ನಿರ್ಧರಿಸುತ್ತಾನೆ. ಒಳಗಿನ ನೂಲನ್ನು ಅವನು ಕಂಡಿಲ್ಲ. ಆದರೆ ವರ್ಷಗಟ್ಟಲೆ ಗೂಡು ಮುಟ್ಟಿ, ಆಮೇಲೆ ತನ್ನದೇ ಫಿಲೇಚರಿನಲ್ಲಿ ನೂಲು ತೆಗೆದು, ಬಂದ ರೆಂಡಿಟ್ಟಾ, ಅಂದರೆ ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬುದನ್ನು, ನೋಡಿದ್ದಾನೆ. ಮುಟ್ಟಿದ್ದಕ್ಕೂ ಬಂದದ್ದಕ್ಕೂ ಇರುವ ನಂಟು ಬೆರಳಿಗೆ ಹತ್ತಿದೆ. ಯಂತ್ರಕ್ಕೂ ಹೀಗೇ ಜೋಡಿಗಳನ್ನು ಕೊಡುತ್ತಾರೆ: ಇದು ಗೆರೆ, ಇದು ಸರಿಯುತ್ತರ. ಯಂತ್ರ ತನ್ನ ಉತ್ತರ ಹೇಳುತ್ತದೆ. ಎಷ್ಟು ತಪ್ಪಿತೋ ಅಷ್ಟಕ್ಕೆ ತಕ್ಕಂತೆ ಒಳಗಿನ ಲಕ್ಷಾಂತರ ಸಂಖ್ಯೆಗಳನ್ನು ಕೊಂಚ ಕೊಂಚ ತಿದ್ದಿಕೊಳ್ಳುತ್ತದೆ. ಹಳದಿ ಮಿಶ್ರತಳಿ (ಸಿ.ಬಿ.) ಗೂಡನ್ನಷ್ಟೇ ಕಂಡ ರೀಲರ್‌ನ ಮುಂದೆ ಬಿಳಿ ಬೈವೋಲ್ಟೀನ್ ಗೂಡು ಸುರಿದರೆ ಅಂದಾಜು ಎಡವುತ್ತದೆ. ಅವನಾದರೆ ಹೊಸ ಗೂಡು ಎಂದು ಹಿಂಜರಿಯುತ್ತಾನೆ. ಯಂತ್ರ ಹಿಂಜರಿಯದೆ ಉತ್ತರ ಕೊಟ್ಟುಬಿಡುತ್ತದೆ. ಈ ಕ್ಷೇತ್ರದಲ್ಲಿ ನನಗೆ ತುಂಬ ಭಯ ಹುಟ್ಟಿಸುವ ಸಂಗತಿ ಇದೇ.

ಭೂಕಂಪಶಾಸ್ತ್ರದಲ್ಲಿ ಯಂತ್ರಕಲಿಕೆ ಗಟ್ಟಿಯಾಗಿ ಕಾಲೂರಿದ್ದು ಅಲೆ ಬಂದ ಕ್ಷಣವನ್ನು ಗುರುತಿಸುವ ಕೆಲಸದಲ್ಲಿ. ಹಳೆಯ ವಿಧಾನ ಸರಳ: ಈಗಿನ ಒಂದು ಗಳಿಗೆಯ ಅಲುಗಾಟ, ಹಿಂದಿನ ಒಂದಿಷ್ಟು ಹೊತ್ತಿನ ಸರಾಸರಿ ಅಲುಗಾಟಕ್ಕಿಂತ ಇಷ್ಟು ಪಟ್ಟು ಹೆಚ್ಚಾದರೆ ಗಂಟೆ ಬಾರಿಸು. ಇದಕ್ಕೆ ಟ್ರ್ಯಾಕ್ಟರೂ ಒಂದೇ, ಭೂಕಂಪವೂ ಒಂದೇ. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಝೂ ಮತ್ತು ಬೆರೋಜಾ ಅವರ ಫೇಸ್‌ನೆಟ್ ಬಂತು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ತಜ್ಞರು ದಶಕಗಳ ಕಾಲ ಕೈಯಿಂದಲೇ ಗುರುತು ಹಾಕಿದ್ದ ಏಳು ಲಕ್ಷಕ್ಕೂ ಹೆಚ್ಚು ಗೆರೆಗಳನ್ನು ಅದಕ್ಕೆ ಉಣಿಸಿದ್ದರು. 30 ಸೆಕೆಂಡಿನ ತುಣುಕೊಂದನ್ನು ಕೊಟ್ಟರೆ ಸೆಕೆಂಡಿನ ನೂರರಲ್ಲೊಂದು ಪಾಲಿಗೂ ಅದು ಮೂರು ಸಂಭವನೀಯತೆ ಹೇಳುತ್ತದೆ: ಇಲ್ಲಿ ಪಿ ಶುರುವಾಗಿರಬಹುದು, ಎಸ್ ಶುರುವಾಗಿರಬಹುದು, ಅಥವಾ ಬರೀ ಗದ್ದಲ. ಮನುಷ್ಯರ ಕಣ್ಣಿಗೆ ಜಾರಿಹೋಗುವ ಪುಟ್ಟ ನಡುಕಗಳು ಇದರಿಂದ ಸಾಲುಸಾಲಾಗಿ ಸಿಗತೊಡಗಿದವು. ಅಲೆ ಬಂದ ಕ್ಷಣ ಸಿಕ್ಕ ಮೇಲೆ ಮೂಲ ಹುಡುಕುವ ಕೆಲಸವನ್ನು ಬಹುಮಟ್ಟಿಗೆ ಹಳೆಯ ಭೌತವಿಜ್ಞಾನದ ಸಮೀಕರಣಗಳಿಗೇ ಬಿಡುತ್ತಾರೆ. ಇದು ಒಳ್ಳೆಯ ಹಂಚಿಕೆ ಎಂದು ನನ್ನ ಅನಿಸಿಕೆ: ಬೇಸರದ, ಸಾವಿರಾರು ಸಲ ಮಾಡಬೇಕಾದ, ಸರಿತಪ್ಪು ನೋಡಿ ಹೇಳಬಹುದಾದ ಕೆಲಸ ಯಂತ್ರಕ್ಕೆ, ನಿಯಮ ಗೊತ್ತಿರುವ ಕೆಲಸ ನಿಯಮಕ್ಕೆ.

ಆದರೆ ಕ್ಯಾಲಿಫೋರ್ನಿಯಾದ ನೆಲ ಒಡೆದು ನುಗ್ಗಾದ ಎಳೆಯ ನೆಲ. ನಮ್ಮದು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್. ಇಲ್ಲಿ ಅಲೆ ಅಷ್ಟು ಬೇಗ ಕುಂದುವುದಿಲ್ಲ, ಅದರ ಬೇಗಬೇಗನೆ ಅಲುಗುವ ಕಂಪನಗಳು ದೂರದವರೆಗೂ ಉಳಿಯುತ್ತವೆ. ಅಲ್ಲಿ ಕಲಿತ ಯಂತ್ರವನ್ನು ಇಲ್ಲಿನ ದಾಖಲೆಗಳಿಂದ ಮತ್ತೊಂದು ಸುತ್ತು ತಿದ್ದದೆ ನಂಬಬಾರದು. ತಿದ್ದಲು ಬೇಕಾದದ್ದು ಇಲ್ಲಿನದೇ ಗುರುತು ಹಾಕಿದ ಗೆರೆಗಳು.

ಕ್ವಾರಿಯೋ ಕಂಪವೋ

ನಮ್ಮ ಜಿಲ್ಲೆಗೇ ವಿಶೇಷವಾದ ಒಂದು ತೊಡಕಿದೆ. ಇಲ್ಲಿ ಕಲ್ಲು ಕ್ವಾರಿಗಳು ಬಹಳ. ಮನೆಯ ಪಾತ್ರೆ ಅಲುಗಿದರೆ ಜನಕ್ಕೆ ಮೊದಲು ನೆನಪಾಗುವುದು ಕ್ವಾರಿಯ ಸಿಡಿತವೇ. ಉಪಕರಣಕ್ಕೂ ಎರಡೂ ಅಲುಗಾಟವೇ. ಭೌತವಿಜ್ಞಾನ ಕೆಲವು ಸುಳಿವು ಕೊಡುತ್ತದೆ. ಸಿಡಿತ ನಾಲ್ಕೂ ಕಡೆಗೆ ತಳ್ಳುತ್ತದೆ. ಅದರ ಪಿ ಅಲೆ ಗಟ್ಟಿ, ಎಸ್ ಅಲೆ ಸಾಧು. ಬಂಡೆ ಜಾರಿದಾಗ ಒಂದು ಕಡೆ ತಳ್ಳಿ ಇನ್ನೊಂದು ಕಡೆ ಎಳೆಯುತ್ತದೆ, ಎಸ್ ಅಲೆ ಜೋರಾಗಿರುತ್ತದೆ. ದೊಡ್ಡ ಕಂಪದಲ್ಲಿ ಈ ವ್ಯತ್ಯಾಸ ಸ್ಪಷ್ಟ. ತೀವ್ರತೆ ಒಂದೂವರೆ, ಎರಡರ ಮಟ್ಟಿಗೆ ಇಳಿದಾಗ ಮಸುಕಾಗುತ್ತದೆ, ಯಂತ್ರದ ಸಹಾಯ ಬೇಕಾಗುವುದು ಅಲ್ಲಿ.

ಎಚ್ಚರ ತಪ್ಪುವುದೂ ಅಲ್ಲೇ. ಕ್ವಾರಿಯವರು ಸಿಡಿಸುವುದು ಹಗಲಿನಲ್ಲಿ. ಯಂತ್ರಕ್ಕೆ ಗೆರೆಯ ಜೊತೆ ಗಂಟೆಯನ್ನೂ ಕೊಟ್ಟರೆ ಅದು ಅಲೆಯ ಸ್ವಭಾವ ಕಲಿಯುವ ಗೋಜಿಗೇ ಹೋಗದೆ ಹಗಲಾದರೆ ಸಿಡಿತ, ರಾತ್ರಿಯಾದರೆ ಭೂಕಂಪ ಎಂಬ ಅಡ್ಡದಾರಿ ಹಿಡಿಯುತ್ತದೆ. ಪರೀಕ್ಷೆಯಲ್ಲಿ ಅಂಕ ಚೆನ್ನಾಗಿಯೇ ಬರುತ್ತದೆ. ನಡುಮಧ್ಯಾಹ್ನ ನಿಜವಾದ ಕಂಪ ಆದಾಗ ಅದನ್ನು ಕ್ವಾರಿಯ ಲೆಕ್ಕಕ್ಕೆ ಬರೆದು ಮರೆತುಬಿಡುತ್ತದೆ. 2021ರ ನವೆಂಬರ್‌ನಲ್ಲಿ ಇಲ್ಲಿ ಮಳೆ ವಿಪರೀತ ಸುರಿದು ಕೆರೆಗಳು ಕೋಡಿ ಬಿದ್ದಿದ್ದವು. ಆ ನೀರು ಬಂಡೆಯ ಬಿರುಕುಗಳಿಗಿಳಿದು ಒತ್ತಡ ಹೆಚ್ಚಿ ನಡುಕ ಬಂದಿರಬಹುದು ಎಂಬುದು ಆಗ ತಜ್ಞರಿಂದ ಬಂದ ವಿವರಣೆ. ಅದನ್ನು ಪರೀಕ್ಷಿಸಲು ಸಣ್ಣ ಸಣ್ಣ ನಡುಕಗಳ ಪಟ್ಟಿಯೇ ಬೇಕು. ಹಗಲಿನದನ್ನೆಲ್ಲ ಕ್ವಾರಿಗೆ ಬರೆದುಬಿಟ್ಟರೆ ಪಟ್ಟಿ ಅರ್ಧಕ್ಕೆ ನಿಲ್ಲುತ್ತದೆ.

ಆಕಾಶದ ಕಡೆಗೆ

ಅದೇ ಗೌರಿಬಿದನೂರಿನಲ್ಲಿ ನೆಲಕ್ಕೆ ಕಿವಿಗೊಟ್ಟ ವ್ಯೂಹದ ಹಾಗೆ ಆಕಾಶಕ್ಕೆ ಕಿವಿಗೊಟ್ಟದ್ದೂ ಇದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಜೊತೆಗೂಡಿ 1976ರಿಂದ ಇಲ್ಲಿ ರೇಡಿಯೋ ವೀಕ್ಷಣಾಲಯ ನಡೆಸಿವೆ. 34.5 ಮೆಗಾಹರ್ಟ್ಸ್‌ನಲ್ಲಿ ಕೇಳುತ್ತಿದ್ದ ಮೊದಲ ದೂರದರ್ಶಕದಲ್ಲಿ ಸಾವಿರ ಡೈಪೋಲ್ ಆಂಟೆನಾಗಳನ್ನು ಟಿ ಆಕಾರದಲ್ಲಿ ನೆಟ್ಟಿದ್ದರು. ಪೂರ್ವ ಪಶ್ಚಿಮದ ತೋಳು ಸುಮಾರು 1.4 ಕಿಲೋಮೀಟರ್, ದಕ್ಷಿಣದ ತೋಳು 0.45 ಕಿಲೋಮೀಟರ್. ಅದರಿಂದ ತಯಾರಾದ ಆಕಾಶದ ನಕ್ಷೆಯನ್ನು ದ್ವಾರಕಾನಾಥ್ ಮತ್ತು ಉದಯಶಂಕರ್ 1990ರಲ್ಲಿ ಪ್ರಕಟಿಸಿದರು. 1997ರಲ್ಲಿ ಸೂರ್ಯನ ಹೊರವಲಯವನ್ನು ನೋಡುವ ರೇಡಿಯೋಹೀಲಿಯೋಗ್ರಾಫ್ ಶುರುವಾಯಿತು.

ಇಂಥ ದೂರದರ್ಶಕ ಚಿತ್ರ ತೆಗೆಯುವುದಿಲ್ಲ. ಪ್ರತಿ ಎರಡು ಆಂಟೆನಾಗಳ ಜೋಡಿ ಚಿತ್ರದೊಳಗಿನ ಒಂದು ನಿರ್ದಿಷ್ಟ ಅಗಲದ ಏರಿಳಿತ ಎಷ್ಟಿದೆ ಎಂದಷ್ಟೇ ಹೇಳುತ್ತದೆ. 32 ಆಂಟೆನಾ ಇದ್ದರೆ ಜೋಡಿಗಳು 496. ಚಿತ್ರ ಪೂರ್ತಿಯಾಗಲು ಸಾವಿರಾರು ಏರಿಳಿತಗಳು ಬೇಕು. ಉಳಿದ ಜಾಗ ಖಾಲಿ. ಸಿಕ್ಕ ಅಂಕಿಗಳಿಗೆ ಹೊಂದುವ ಚಿತ್ರಗಳು ಎಣಿಸಲಾರದಷ್ಟು. ಅವುಗಳಲ್ಲಿ ಯಾವುದನ್ನು ಆರಿಸಬೇಕು? ರಷ್ಯದ ತಿಖೊನೊವ್ 1963ರಲ್ಲಿ ತೋರಿಸಿದ ದಾರಿಯಲ್ಲಿ ಹೋದರೆ ಹೆಚ್ಚು ಏರುಪೇರಿಲ್ಲದ, ನಯವಾದದ್ದನ್ನು ಆರಿಸಬೇಕು. 1974ರಲ್ಲಿ ಹೊಗ್‌ಬೊಮ್ ಹೇಳಿದ ಕ್ಲೀನ್ ವಿಧಾನದಲ್ಲಾದರೆ ಆಕಾಶವೆಂದರೆ ಕೆಲವೇ ಹೊಳೆಯುವ ಚುಕ್ಕಿಗಳು ಎಂದು ಭಾವಿಸಿ ಒಂದೊಂದನ್ನೇ ಹೆಕ್ಕಬೇಕು. ಎರಡೂ ಬಿಚ್ಚಿಟ್ಟ ನಂಬಿಕೆಗಳು. ಯಾರು ಬೇಕಾದರೂ ಪ್ರಶ್ನಿಸಬಹುದು.

ಯಂತ್ರಕಲಿಕೆಯಲ್ಲಿ ಆ ನಂಬಿಕೆ ಉದಾಹರಣೆಗಳೊಳಗೆ ಸೇರಿಕೊಂಡಿರುತ್ತದೆ. ಎಂ87 ಗ್ಯಾಲಕ್ಸಿಯ ಕಪ್ಪುಕುಳಿಯ ಚಿತ್ರ 2019ರಲ್ಲಿ ಬಂದಾಗ ಎಲ್ಲರೂ ನೋಡಿದ್ದೇವೆ, ದಪ್ಪ ಕಿತ್ತಳೆ ಉಂಗುರ. 2023ರಲ್ಲಿ ಪ್ರೈಮೋ ಎಂಬ ವಿಧಾನದಿಂದ ಅದೇ ಅಂಕಿಗಳ ಮೇಲೆ ಮತ್ತೆ ಕೆಲಸ ಮಾಡಿದಾಗ ಉಂಗುರ ಸುಮಾರು ಅರ್ಧದಷ್ಟು ತೆಳುವಾಯಿತು. ಆ ಯಂತ್ರಕ್ಕೆ ಕಂಪ್ಯೂಟರಿನಲ್ಲಿ ಸೃಷ್ಟಿಸಿದ 30,000ಕ್ಕೂ ಹೆಚ್ಚು ಕಪ್ಪುಕುಳಿ ಚಿತ್ರಗಳನ್ನು ತೋರಿಸಿದ್ದರು. ಅದು ದೊಡ್ಡ ಸಾಧನೆ, ನಿಜ. ಆದರೆ ಕಂಪ್ಯೂಟರಿನ ಆ ಕಪ್ಪುಕುಳಿಗಳು ನಿಜದ್ದನ್ನು ಎಷ್ಟು ಹೋಲುತ್ತವೋ ಉಂಗುರದ ತೆಳುವೂ ಅಷ್ಟೇ ನಂಬಲರ್ಹ.

ಇದಕ್ಕೆ ಪರಿಹಾರವೂ ಬೆಳೆದಿದೆ. ಗುರುತ್ವದ ಅಲೆಗಳನ್ನು ಹಿಡಿಯುವ ಲೈಗೋ ದಾಖಲೆಗಳಿಂದ ಡಿಕ್ಕಿ ಹೊಡೆದ ಕಪ್ಪುಕುಳಿಗಳ ತೂಕ, ದೂರ ಕಂಡುಹಿಡಿಯಲು ಹಳೆಯ ವಿಧಾನಕ್ಕೆ ದಿನದಷ್ಟು ಹೊತ್ತು ಬೇಕು. 2021ರಲ್ಲಿ ಬಂದ ಡಿಂಗೋ ಒಂದು ನಿಮಿಷದೊಳಗೆ ಹೇಳುತ್ತದೆ. ವೇಗಕ್ಕಿಂತ ನನಗೆ ಮೆಚ್ಚುಗೆಯಾದದ್ದು ಬೇರೆ ಎರಡು. ಅದು ಒಂದೇ ಉತ್ತರ ಕೊಡದೆ ಸಾಧ್ಯವಿರುವ ಉತ್ತರಗಳ ಹರಹನ್ನೇ ಕೊಡುತ್ತದೆ. ಆಮೇಲೆ ಬಂದ ಅದರ ತಿದ್ದುಪಡಿಯಲ್ಲಿ ಆ ಉತ್ತರಗಳನ್ನು ಮತ್ತೆ ಭೌತವಿಜ್ಞಾನದ ಸಮೀಕರಣಕ್ಕೆ ಹಾಕಿ, ಹಾಗಾಗಿದ್ದರೆ ಉಪಕರಣದಲ್ಲಿ ಎಂಥ ಗೆರೆ ಮೂಡುತ್ತಿತ್ತು ಎಂದು ಲೆಕ್ಕ ಹಾಕಿ, ನಿಜವಾಗಿ ಮೂಡಿದ ಗೆರೆಯೊಂದಿಗೆ ತೂಗುತ್ತಾರೆ. ಯಂತ್ರ ಹೇಳಿದ್ದನ್ನು ಹೀಗೆ ಮುಂದಕ್ಕೆ ಓಡಿಸಿ ನೋಡದೆ ಯಾವ ಪ್ರಯೋಗಾಲಯವೂ ಉತ್ತರ ಪ್ರಕಟಿಸಬಾರದು.

ಬೋರ್ ಪಾಯಿಂಟಿನ ವಿಷಯ

ಈ ವಿಲೋಮ ಲೆಕ್ಕದ ವಿಷಯ ಚಿಂತಾಮಣಿಯ ರೈತರ ಜೇಬಿಗೂ ತಟ್ಟುತ್ತದೆ. ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆಯುವ ಸೀಮೆ ಇದು. ತೆಂಗಿನಕಾಯಿ ಹಿಡಿದು ಪಾಯಿಂಟ್ ಮಾಡುವವರ, ಅಂದರೆ ಕೊರೆಯುವ ಜಾಗ ತೋರಿಸುವವರ, ಜೊತೆಗೆ ಮೀಟರ್ ಇಟ್ಟು ನೋಡುವವರೂ ಇದ್ದಾರೆ. ಎರಡು ಸಲಾಕೆಗಳಿಂದ ನೆಲಕ್ಕೆ ವಿದ್ಯುತ್ ಹರಿಸಿ, ಇನ್ನೆರಡರ ನಡುವೆ ವೋಲ್ಟೇಜ್ ಅಳೆದು, ಒಳಗಿನ ಪದರಗಳ ವಿದ್ಯುತ್ ರೋಧವನ್ನು ಅಂದಾಜು ಮಾಡುತ್ತಾರೆ. ಇದೂ ವಿಲೋಮ ಸಮಸ್ಯೆಯೇ, ಇದಕ್ಕೂ ಮಿತಿ ಇದೆ. ಗಟ್ಟಿ ಪದರಗಳ ನಡುವೆ ಸಿಕ್ಕ 10 ಮೀಟರ್ ದಪ್ಪದ, 20 ಓಮ್ ಮೀಟರ್ ರೋಧದ ತೇವದ ಪದರವೂ, 20 ಮೀಟರ್ ದಪ್ಪದ, 40 ಓಮ್ ಮೀಟರ್‌ನ ಪದರವೂ ಮೇಲಿನ ಮೀಟರಿಗೆ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತವೆ. ಸಾವಿರ ಅಡಿ ಕೆಳಗಿನ ಬಂಡೆಯಲ್ಲಿ ಬೆರಳಗಲದ ಬಿರುಕಿನಲ್ಲಿ ಹರಿಯುವ ನೀರಂತೂ ಆ ಮೀಟರಿಗೆ ಕಾಣುವುದೇ ಇಲ್ಲ. ಅಲ್ಲಿಂದ ಸುದ್ದಿಯೇ ಮೇಲೆ ಬಂದಿಲ್ಲದಿರುವಾಗ ಯಾವ ಎಐಯೂ ಅದನ್ನು ಓದಲಾರದು. ಎಐನಿಂದ ಗ್ಯಾರಂಟಿ ಪಾಯಿಂಟ್ ಎಂದು ಯಾರಾದರೂ ಬಂದರೆ ಮೂರು ಮಾತು ಕೇಳಿ: ಈ ಯಂತ್ರಕ್ಕೆ ನಮ್ಮ ತಾಲ್ಲೂಕಿನ ಎಷ್ಟು ಬೋರ್‌ಗಳ ಲೆಕ್ಕ ತೋರಿಸಿದ್ದೀರಿ? ಅವುಗಳಲ್ಲಿ ಫೇಲಾದ ಬೋರ್‌ಗಳೂ ಸೇರಿವೆಯೇ? ನಿಮ್ಮ ಆಳದ ಅಂದಾಜಿನಲ್ಲಿ ಹೆಚ್ಚುಕಡಿಮೆ ಎಷ್ಟು ಅಡಿ? ಉತ್ತರ ಬರದಿದ್ದರೆ ಹಣ ಕೊಡಬೇಡಿ.

ಫೇಲಾದ ಬೋರ್‌ನ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಕ್ವಾರಿಯ ಸಿಡಿತದ ಗಂಟೆ, ನಿಮಿಷ, ಬಳಸಿದ ಮದ್ದಿನ ತೂಕ ಭೂಕಂಪ ಅಧ್ಯಯನ ಮಾಡುವವರ ಕೈಗೆ ತಾನಾಗಿ ತಲುಪುವುದಿಲ್ಲ. ಯಂತ್ರಕ್ಕೆ ಕಲಿಸಲು ಬೇಕಾದದ್ದು ಇಂಥ ಲೆಕ್ಕವೇ. ಇದಕ್ಕೆ ದುಬಾರಿ ಕಂಪ್ಯೂಟರ್ ಬೇಕಿಲ್ಲ. ಫೇಸ್‌ನೆಟ್ ಮುಂತಾದವು ಯಾರು ಬೇಕಾದರೂ ಇಳಿಸಿಕೊಂಡು ತಿದ್ದಬಹುದಾದ ಉಚಿತ ತಂತ್ರಾಂಶಗಳು. ಜಿಲ್ಲೆಯ ಕ್ವಾರಿ ಮಾಲೀಕರು ಪ್ರತಿ ಸಿಡಿತದ ಸಮಯವನ್ನು ಬರೆದು ವಿಕೋಪ ಉಸ್ತುವಾರಿ ಕೇಂದ್ರಕ್ಕೆ ತಲುಪಿಸಲಿ, ಜಿಲ್ಲಾಡಳಿತ ಅದನ್ನು ಪರವಾನಗಿಯ ಷರತ್ತಾಗಿಸಲಿ. ಕಂಪ ಕಂಡ ಪ್ರತಿ ಹೋಬಳಿಯಲ್ಲೂ ಒಂದೊಂದು ಭೂಕಂಪಮಾಪಕ ಕಾಯಂ ಆಗಿ ಕೂರಲಿ.